ಬೋಲ್ಟು ಬೇಡದ ತೂತುಗಳು

ಸಿನಿವಾ ಲೆಯೋತ ನಲವತ್ತು ವರ್ಷ ಬೇರೆಯವರ ಕಟ್ಟಡಗಳಿಗೆ ಗೆರೆ ಎಳೆದವಳು. ವೆಲ್ಲಿಂಗ್ಟನ್ನಿನ ಬಂದರಿನ ಕಟ್ಟೆಯ ಮೇಲೆ ನಿಂತು ಊರ ಕಡೆ ಮುಖ ಮಾಡಿದರೆ ಕಾಣುವ ಎತ್ತರದ ಕಟ್ಟಡಗಳಲ್ಲಿ ಹದಿನಾಲ್ಕು ಅವಳ ಕೈ ದಾಟಿ ಬಂದಂಥವು. ಹಾಗೆಂದು ಯಾವ ಬಾಗಿಲ ಮುಂದಿನ ಹಿತ್ತಾಳೆ ಫಲಕದಲ್ಲೂ ಅವಳ ಹೆಸರಿಲ್ಲ. ನಕ್ಷೆಯ ಹಾಳೆಯ ಬಲಗಡೆ ಕೆಳಮೂಲೆಯಲ್ಲಿ ಎರಡು ಪುಟ್ಟ ಚೌಕಗಳಿರುತ್ತವೆ. ಒಂದರ ತಲೆಯ ಮೇಲೆ ‘ಬರೆದವರು’ ಎಂದಿರುತ್ತದೆ, ಇನ್ನೊಂದರ ಮೇಲೆ ‘ಪರೀಕ್ಷಿಸಿದವರು’ ಎಂದು. ಮೊದಲನೆಯದರಲ್ಲಿ ಸಿನಿವಾ ತನ್ನ ಹೆಸರಿನ ಎರಡಕ್ಷರ ಹಾಕುತ್ತಿದ್ದಳು, ಎರಡನೆಯದು ಎಂಜಿನಿಯರುಗಳ ಪಾಲು. ನಲವತ್ತು ವರ್ಷದಲ್ಲಿ ಒಮ್ಮೆಯೂ ಅವಳ ಪೆನ್ನು ಆ ಎರಡನೆಯ ಚೌಕಕ್ಕೆ ಕಾಲಿಡಲಿಲ್ಲ. ಅದಕ್ಕೆ ಅವಳಿಗೆ ಕೊರಗೇನೂ ಇರಲಿಲ್ಲ ಅನ್ನಿ, ಅದು ಊರಿನ ಪದ್ಧತಿ.

ಹುಟ್ಟಿದ್ದು ಸಮೋವಾದ ಸವಾಯಿ ದ್ವೀಪದಲ್ಲಿ. ಒಂಬತ್ತನೆಯ ವಯಸ್ಸಿಗೆ ಅಪ್ಪ ಅಮ್ಮನ ಜೊತೆ ಇಲ್ಲಿಗೆ, ಊರ ಪಕ್ಕದ ಪೊರಿರುವಾಕ್ಕೆ ಬಂದಳು. ಬಂದ ಮೊದಲ ತಿಂಗಳೇ ಒಂದು ಮಧ್ಯಾಹ್ನ ಅಡುಗೆಮನೆಯ ದೀಪ ತನ್ನಷ್ಟಕ್ಕೆ ತೂಗಿತು, ತಟ್ಟೆಗಳು ಹಲ್ಲು ಕಡಿದವು. ಹುಡುಗಿ ಹೆದರಿ ನೆಲಕ್ಕೇನಾಯಿತೆಂದು ಕೇಳಿದರೆ ಅವಳ ಅಮ್ಮ ಟ್ಯಾರೊ ಗಡ್ಡೆ ಹೆರೆಯುವುದನ್ನು ನಿಲ್ಲಿಸದೆ, ಈ ದೇಶದ ನೆಲಕ್ಕೆ ಆಗಾಗ ಮೈ ಮುರಿಯುವ ಚಾಳಿ, ನೀನು ಮೇಜಿನ ಕೆಳಗೆ ಹೋಗಿ ಕೂತುಕೋ ಎಂದಳಂತೆ. ನಮ್ಮ ಊರಿಗೆ ಎರಡು ಕಾಟ: ಒಂದು ಗಾಳಿ, ಇನ್ನೊಂದು ನೆಲ. ಗಾಳಿ ದಿನಾ ಬರುತ್ತದೆ. ಇಲ್ಲಿ ಕೊಡೆ ಬಿಚ್ಚಿದವನು ಕಂಡರೆ ನಿನ್ನೆ ಬಂದವನೆಂದು ತಿಳಿಯಬೇಕು. ನೆಲ ಮಾತ್ರ ಹೇಳಿ ಕೇಳಿ ಬರುವ ನೆಂಟನಲ್ಲ.

ಹತ್ತೊಂಬತ್ತಕ್ಕೆ ಅವಳು ಒಂದು ಎಂಜಿನಿಯರಿಂಗ್ ಕಚೇರಿಯ ನಕ್ಷೆ ವಿಭಾಗಕ್ಕೆ ಸೇರಿದಳು. ಆಗ ಶಾಯಿಯ ಕಾಲ. ತಪ್ಪಿದರೆ ಬ್ಲೇಡಿನಿಂದ ಹೆರೆದು, ಉಗುರಿನಿಂದ ನಯ ಮಾಡಿ, ಮತ್ತೆ ಎಳೆಯಬೇಕು. ಆಮೇಲೆ ಕಂಪ್ಯೂಟರು ಬಂತು, ಬ್ಲೇಡು ಹೋಯಿತು, ಕಣ್ಣು ಮಂಜಾಯಿತು. ನಡುವೆ ಮದುವೆ, ಮಗಳು ತಿರೇಸಾ, ಗಂಡನ ಸಾವು. ಇಷ್ಟೆಲ್ಲದರ ನಡುವೆಯೂ ಎರಡು ದುಂಡನೆಯ ಪೆನ್ಸಿಲು ಅವಳನ್ನು ಬಿಟ್ಟು ಕದಲಲಿಲ್ಲ.

ನಿವೃತ್ತಿಗೆ ನಾಲ್ಕು ವರ್ಷವಿದ್ದಾಗ ರಾಸ್ ಪೆಥರಿಕ್ ಅವಳನ್ನು ಕರೆದ. ಆ ಕಚೇರಿಯ ಹಿರಿಯ ಎಂಜಿನಿಯರು, ಇಸ್ತ್ರಿ ಕಂಡ ಅಂಗಿ ಜನ್ಮದಲ್ಲಿ ತೊಟ್ಟವನಲ್ಲ, ಆದರೆ ಲೆಕ್ಕದಲ್ಲಿ ಒಂದು ಸುಕ್ಕು ಬಿಟ್ಟವನೂ ಅಲ್ಲ. ಬಂದರಿನ ಪಕ್ಕದಲ್ಲಿ, ಹಿಂದೆ ಸಮುದ್ರಕ್ಕೆ ಮಣ್ಣು ತುಂಬಿಸಿ ಮಾಡಿದ ಜಾಗದಲ್ಲಿ, ಇಪ್ಪತ್ತೆರಡು ಮಹಡಿಯ ಕಚೇರಿ ಕಟ್ಟಡ ಬರಬೇಕಿತ್ತು. ಅಂಥ ನೆಲದ ಮೇಲೆ ಅಷ್ಟೆತ್ತರವೇ ಎಂದು ಸಿನಿವಾ ಹುಬ್ಬೇರಿಸಿದಳು. ಪೆಥರಿಕ್ ಮಾತಾಡದೆ ಅವಳ ಮೇಜಿನ ಮೇಲಿದ್ದ ಎರಡು ಪೆನ್ಸಿಲನ್ನು ಅಡ್ಡ ಮಲಗಿಸಿ, ಮೇಲೊಂದು ಸಣ್ಣ ಹಲಗೆಯಿಟ್ಟು, ಅದರ ಮೇಲೆ ತನ್ನ ತುಂಬಿದ ಚಹಾದ ಕಪ್ಪು ಇಟ್ಟ. ಆಮೇಲೆ ಮೇಜಿನ ಅಂಚು ಹಿಡಿದು ಹಿಂದೆ ಮುಂದೆ ರಪರಪನೆ ಎಳೆದ. ಮೇಜಿನ ಮೇಲಿನ ಸ್ಕೇಲು, ಕಾಗದ, ಪಿನ್ನಿನ ಡಬ್ಬಿ ಎಲ್ಲ ಕುಣಿದು ಕೆಳಗೆ ಬಿದ್ದವು. ಪೆನ್ಸಿಲು ಉರುಳಾಡಿದವು. ಕಪ್ಪು ಮಾತ್ರ ಇದ್ದಲ್ಲೇ ಇತ್ತು, ಚಹಾದ ಮೇಲೆ ಒಂದು ಸಣ್ಣ ಸುಕ್ಕು ಅಷ್ಟೆ.

“ಮನೇನ ನೆಲಕ್ಕೆ ಗಟ್ಟಿಯಾಗಿ ಹಿಡಿಸೋದೇ ನಮ್ಮ ಕೆಲಸ ಅಂದ್ಕೊಂಡಿದ್ವಿ ಸಿನಿವಾ,” ಅಂದ. “ಈ ಸಲ ಬಿಟ್ಟುಬಿಡೋಣ.”

“ಬಿಟ್ರೆ ಎಲ್ಲಿಗೆ ಹೋಗುತ್ತೆ ಅದು?”

“ಒಂದು ಮೊಳ ಆಚೆ ಹೋಗಿ ವಾಪಸ್ ಬರುತ್ತೆ. ಎಲ್ಲಿಗೆ ಹೋಗುತ್ತೆ, ಅದಕ್ಕೇನು ನೆಂಟರ ಮನೆ ಇದ್ಯಾ?”

ಸಿನಿವಾ ನಕ್ಕಳು. ಆದರೆ ಅಂದು ರೈಲಿನಲ್ಲಿ ಮನೆಗೆ ಹೋಗುವಾಗ ತಾನು ಬರೆದ ಕಟ್ಟಡಗಳನ್ನೆಲ್ಲ ಒಂದೊಂದಾಗಿ ನೆನೆದಳು. ಇಷ್ಟು ವರ್ಷ ಅವಳು ಬರೆದ ಕಂಬಗಳೆಲ್ಲ ನೆಲದೊಳಕ್ಕೆ ಬೇರುಬಿಟ್ಟ ಕಂಬಗಳು. ಇದು ನೆಲದ ಮೇಲೆ ಸುಮ್ಮನೆ ಕೂತಿರುವ ಕಟ್ಟಡ.

ಸುಮ್ಮನೆ ಎಂದರೆ ಪೂರ್ತಿ ಸುಮ್ಮನೆಯೂ ಅಲ್ಲ. ರಬ್ಬರಿನ ಹಾಳೆ, ಅದರ ಮೇಲೆ ಉಕ್ಕಿನ ತಗಡು, ಮತ್ತೆ ರಬ್ಬರು, ಮತ್ತೆ ಉಕ್ಕು, ಹೀಗೆ ರೊಟ್ಟಿ ಪೇರಿಸಿಟ್ಟ ಹಾಗೆ ಜೋಡಿಸಿ ಬೇಯಿಸಿದ ದುಂಡು ದಿಂಡುಗಳು ನಲವತ್ತೆರಡು. ಒಂದೊಂದೂ ಇಬ್ಬರು ತೋಳು ಚಾಚಿ ತಬ್ಬಬೇಕಾದಷ್ಟು ದಪ್ಪ. ನಟ್ಟನಡುವೆ ಸೀಸದ ಕಂಬ. ಮೂವತ್ತು ಸಾವಿರ ಟನ್ನಿನ ಕಟ್ಟಡ ಈ ದಿಂಡುಗಳ ಮೇಲೆ ಕೂರುತ್ತದೆ. ನೆಲ ಎಗರಿದರೆ ರಬ್ಬರು ವಾಲುತ್ತದೆ, ಸೀಸ ಬಾಗುತ್ತದೆ, ಬಾಗಿ ಬಾಗಿ ಬಿಸಿಯಾಗಿ ನೆಲದ ಸಿಟ್ಟನ್ನೆಲ್ಲ ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಎಂದು ನಾವು ಆಡಿಕೊಳ್ಳುತ್ತೇವೆ. ಸೀಸಕ್ಕೆ ಆ ಗಾದೆ ಗೊತ್ತಿಲ್ಲ, ಅದು ಬಗ್ಗಿಯೇ ಗೆಲ್ಲುತ್ತದೆ.

ಕಟ್ಟಡ ಓಡಾಡಬೇಕಾದರೆ ಅದಕ್ಕೆ ಜಾಗ ಬೇಕಲ್ಲ. ಅದಕ್ಕಾಗಿ ಸುತ್ತಲೂ ಮುಕ್ಕಾಲು ಮೀಟರ್ ಅಗಲದ ಕಂದಕ. ಹಳೆಯ ಕಾಲದ ಕೋಟೆಯ ಕಂದಕ ಶತ್ರು ಒಳಗೆ ಬರದಿರಲೆಂದು, ಇದು ಕೋಟೆಯೇ ಹೊರಗೆ ಹೆಜ್ಜೆ ಇಡಲೆಂದು. ಜನ ಬೀಳದಂತೆ ಕಂದಕದ ಮೇಲೆ ತೊಂಬತ್ತಾರು ಉಕ್ಕಿನ ತಗಡು. ಒಂದಂಚು ಕಟ್ಟಡಕ್ಕೆ ಕೀಲಿನಿಂದ ಸೇರಿರುತ್ತದೆ, ಇನ್ನೊಂದಂಚು ಕಾಲುದಾರಿಯ ಮೇಲೆ ಸುಮ್ಮನೆ ಒರಗಿರುತ್ತದೆ. ಕಟ್ಟಡ ಹೋದತ್ತ ಆ ಅಂಚು ಜಾರಿಕೊಂಡು ಹೋಗಬೇಕು. ಆ ತಗಡುಗಳನ್ನು ಬರೆದವಳು ಸಿನಿವಾ. ಕಂದಕಕ್ಕೆ ಎಲೆ, ಕಸ ಬಿದ್ದರೆ ತಗಡನ್ನು ಎತ್ತುವುದು ಹೇಗೆ ಎಂದು ಯಾರೂ ಯೋಚಿಸಿರಲಿಲ್ಲ. ಅವಳೇ ಯೋಚಿಸಿ ಪ್ರತಿ ತಗಡಿನ ಬಿಡಿ ಅಂಚಿನಲ್ಲಿ ಕೊಕ್ಕೆ ಸಿಕ್ಕಿಸಲು ಎರಡೆರಡು ತೂತು ಬರೆದಳು. ಪೆಥರಿಕ್ ಅದನ್ನು ನೋಡಿ, ಇಷ್ಟು ಜನ ಎಂಜಿನಿಯರಿದ್ದೂ ಇದು ಯಾರಿಗೂ ಹೊಳೆಯಲಿಲ್ಲವಲ್ಲ ಎಂದು ಎಲ್ಲರೆದುರು ಹೊಗಳಿದ. ಆ ತೂತುಗಳ ಬಗ್ಗೆ ಅವಳಿಗೆ ಒಳಗೊಳಗೇ ಹೆಮ್ಮೆ.

ಇನ್ನೊಂದು ಚಿಕ್ಕ ಸಂಗತಿಯಿತ್ತು. ಕಟ್ಟಡದ ಅಡಿಯಲ್ಲಿ, ದಿಂಡುಗಳ ನಡುವೆ, ನೆಲಕ್ಕೆ ಕೂರಿಸಿದ ನುಣುಪಾದ ಉಕ್ಕಿನ ಹಲಗೆ. ಅದರ ಮೇಲೆ ಕಟ್ಟಡದ ತಳದಿಂದ ಇಳಿಬಿಟ್ಟ ಒಂದು ಚೂಪು ಮೊಳೆ. ಕಟ್ಟಡ ಎಂದಾದರೂ ಚಲಿಸಿದರೆ ಮೊಳೆ ಹಲಗೆಯ ಮೇಲೆ ಗೀರಿ ಲೆಕ್ಕ ಇಡುತ್ತದೆ. ಇದನ್ನು ಬರೆಯುವಾಗ ಸಿನಿವಾಳಿಗೆ ಒಂದು ಚೇಷ್ಟೆ ಹೊಳೆಯಿತು. ಹಲಗೆಯ ಬಲಗಡೆ ಕೆಳಮೂಲೆಯಲ್ಲಿ ಎಲ್ಲ ನಕ್ಷೆಯ ಹಾಗೆ ಎರಡು ಚೌಕ ಕೆತ್ತಿಸುವಂತೆ ಬರೆದಳು, ‘ಬರೆದವರು’, ‘ಪರೀಕ್ಷಿಸಿದವರು’ ಎಂದು. ಪೆಥರಿಕ್ ಕಂಡು ಗೊಳ್ಳೆಂದು ನಕ್ಕು ಹಾಗೇ ಬಿಟ್ಟ. ಕಾರ್ಖಾನೆಯವರೂ ಮರುಮಾತಿಲ್ಲದೆ ಕೆತ್ತಿ ಕಳಿಸಿದರು.

ಕಟ್ಟಡ ಎದ್ದಿತು. ಕೆಲಸ ಮುಗಿದ ದಿನ ಸಿನಿವಾ ತಲೆಗೆ ಹೆಲ್ಮೆಟ್ಟು ಹಾಕಿಕೊಂಡು ಬಗ್ಗಿ ಅಡಿಯೊಳಕ್ಕೆ ಹೋದಳು. ತಲೆಯ ಮೇಲೆ ಇಪ್ಪತ್ತೆರಡು ಮಹಡಿ, ಕಾಲಡಿ ಹಳೆಯ ಸಮುದ್ರ, ನಡುವೆ ನಲವತ್ತೆರಡು ಕರೀ ದಿಂಡು. ಒಂದರ ಮೇಲೆ ಕೈಯಿಟ್ಟಳು. ತಣ್ಣಗಿತ್ತು. ಹಾಳೆಯ ಮೇಲೆ ಹೆಬ್ಬೆರಳಿನಷ್ಟು ಬರೆದದ್ದು ಇಲ್ಲಿ ಇಷ್ಟೊಂದು ಭಾರವನ್ನು ತುಟಿ ಪಿಟಕ್ಕೆನ್ನದೆ ಹೊತ್ತು ನಿಂತಿದೆಯಲ್ಲ ಎಂದು ಬೆರಗಾದಳು. ಭಾನುವಾರ ಚರ್ಚಿನಲ್ಲಿ ಬಗ್ಗುವಷ್ಟೇ ಭಕ್ತಿಯಿಂದ ಅಲ್ಲೂ ಸ್ವಲ್ಪ ಹೊತ್ತು ಬಗ್ಗಿ ನಿಂತಿದ್ದು ಹೊರಗೆ ಬಂದಳು.

ಈಗ ಫಲನಿಕೊನ ವಿಷಯ ಹೇಳಬೇಕು. ಸಿನಿವಾಳ ಗಂಡನ ಅಣ್ಣ, ಮನೆತನದ ಮತಾಯಿ. ಸಮೋವಾದವರಲ್ಲಿ ಮತಾಯಿ ಎಂದರೆ ಇಡೀ ಬಳಗದ ಯಜಮಾನ, ಅವನ ಮಾತಿಗೆ ನಾಲ್ಕು ಜನರೆದುರು ಎದುರಾಡುವವರಿಲ್ಲ. ಸಾಲದ್ದಕ್ಕೆ ಚರ್ಚಿನ ಹಿರಿಯ. ಪೊರಿರುವಾದ ಕಾರು ಜೋಡಿಸುವ ಕಾರ್ಖಾನೆಯಲ್ಲಿ ಹರೆಯದಲ್ಲಿ ದುಡಿದವನು. ಅಲ್ಲಿ ಅವನ ಕೆಲಸವೇ ಸಾಲಿನ ಕೊನೆಯಲ್ಲಿ ನಿಂತು ಬೋಲ್ಟಿಲ್ಲದ ತೂತು ಹುಡುಕುವುದು. ಖಾಲಿ ತೂತು ಕಂಡರೆ ಹಗ್ಗ ಜಗ್ಗಿ ಇಡೀ ಸಾಲು ನಿಲ್ಲಿಸಬೇಕು. ಒಂಬತ್ತು ವರ್ಷದಲ್ಲಿ ಒಂದು ಖಾಲಿ ತೂತೂ ಅವನನ್ನು ದಾಟಿ ಬಾಗಿಲಾಚೆ ಹೋಗಲಿಲ್ಲವೆಂದು ಕಾರ್ಖಾನೆ ಕೊಟ್ಟ ಗಡಿಯಾರ ಈಗಲೂ ಅವನ ಮನೆಯ ಗೋಡೆಯಲ್ಲಿ ನಿಂತುಹೋಗಿಯೇ ತೂಗುತ್ತಿದೆ. ಕಾರ್ಖಾನೆ ಮುಚ್ಚಿದ ಮೇಲೆ ಅಲ್ಲಿ ಇಲ್ಲಿ ದುಡಿದು ಅರವತ್ತು ದಾಟಿದ್ದ. ಹೊಸ ಕಟ್ಟಡವನ್ನು ನೋಡಿಕೊಳ್ಳಲು ಒಬ್ಬ ನಂಬಿಗಸ್ತ ಬೇಕೆಂದಾಗ ಸಿನಿವಾಳೇ ಅವನ ಹೆಸರು ಹೇಳಿದಳು, ಕೆಲಸ ಅವನಿಗೇ ಸಿಕ್ಕಿತು.

ತಿರೇಸಾಳ ಕಥೆ ಬೇರೆ. ಆಕೆ ಸರಕಾರದ ಮೀನುಗಾರಿಕೆ ಇಲಾಖೆಯಲ್ಲಿದ್ದಳು. ಹಿಂದಿನ ಸಲ ಊರು ಅಲುಗಿದಾಗ ಹಳೆಯ ಕಚೇರಿಯ ಆರನೆಯ ಮಹಡಿಯಲ್ಲಿ ಸಿಕ್ಕಿಬಿದ್ದು, ಮೆಟ್ಟಿಲು ಗೋಡೆಯಿಂದ ಕಳಚಿ ಹೋಗುವುದನ್ನು ಕಣ್ಣಾರೆ ಕಂಡವಳು. ಅಂದಿನಿಂದ ನೆಲಮಹಡಿ ಬಿಟ್ಟು ಮೇಲೆ ಕಾಲಿಟ್ಟಿರಲಿಲ್ಲ. ಹಲ್ಲಿನ ವೈದ್ಯರು ಮೂರನೆಯ ಮಹಡಿಯಲ್ಲಿದ್ದಾರೆಂದು ಹಲ್ಲುನೋವನ್ನೇ ನುಂಗಿಕೊಂಡವಳು. ಈಗ ಅವಳ ಇಲಾಖೆ ಇದೇ ಹೊಸ ಕಟ್ಟಡದ ಹದಿನೇಳನೆಯ ಮಹಡಿಗೆ ಬರುವುದೆಂದು ಗೊತ್ತಾಯಿತು. ಕೆಲಸ ಬಿಡುತ್ತೇನೆಂದು ಕಾಗದ ಬರೆದಿಟ್ಟುಕೊಂಡು ಅಮ್ಮನ ಹತ್ತಿರ ಬಂದಳು.

“ಅಮ್ಮಾ, ಸಮಾಧಾನ ಮಾಡೋ ಮಾತು ಬೇಡ. ಅದು ನಿಲ್ಲುತ್ತೋ ಇಲ್ವೋ ಹೇಳು. ನೀನು ಹೂಂ ಅಂದ್ರೆ ಹತ್ತೀನಿ.”

ಸಿನಿವಾ ನಿಧಾನವಾಗಿ ಯೋಚಿಸಿದಳು. ದಿಂಡು, ಸೀಸ, ಕಂದಕ, ತಗಡು, ಎಲ್ಲವನ್ನೂ ಮನಸ್ಸಿನಲ್ಲೇ ಒಮ್ಮೆ ಮುಟ್ಟಿ ಬಂದಳು. ಆಮೇಲೆ ಹೂಂ ಅಂದಳು. ಮಗಳು ಕಾಗದವನ್ನು ಅಲ್ಲೇ ಹರಿದಳು. ನಲವತ್ತು ವರ್ಷದಲ್ಲಿ ಯಾರೂ ಸಿನಿವಾಳ ಮಾತನ್ನು ಇಷ್ಟು ಪೂರ್ತಿಯಾಗಿ ನಂಬಿರಲಿಲ್ಲ.

ಇಲಾಖೆ ಬರುವುದು ಸೋಮವಾರವೆಂದು ನಿಗದಿಯಾಗಿತ್ತು. ಹಿಂದಿನ ದಿನ, ಭಾನುವಾರ, ಚರ್ಚು ಮುಗಿದು ಊಟವೂ ಮುಗಿದ ಮೇಲೆ ಸಿನಿವಾ ಬಿಳಿ ಉಡುಪಿನಲ್ಲೇ, ತಲೆಯ ಬಿಳಿ ಹುಲ್ಲುಟೋಪಿಯನ್ನೂ ತೆಗೆಯದೆ, ರೈಲು ಹತ್ತಿ ಕಟ್ಟಡ ನೋಡಲು ಬಂದಳು. ನಿವೃತ್ತಿಯಾದ ಮೇಲೆ ಇದೊಂದು ಅಭ್ಯಾಸವಾಗಿತ್ತು. ಅಂದು ತೆಂಕಣ ಗಾಳಿ ಮೈ ಕೊರೆಯುವ ಹಾಗೆ ಬೀಸುತ್ತಿತ್ತು. ಟೋಪಿಯನ್ನು ಒಂದು ಕೈಯಲ್ಲಿ ಒತ್ತಿಹಿಡಿದು ಕಟ್ಟಡಕ್ಕೆ ಒಂದು ಸುತ್ತು ಬಂದಳು. ಏನೋ ಕಡಿಮೆಯಾಗಿದೆ ಅನ್ನಿಸಿತು. ಇನ್ನರ್ಧ ಸುತ್ತು ಬಂದ ಮೇಲೆ ತಿಳಿಯಿತು: ಸದ್ದಿಲ್ಲ. ತೆಂಕಣ ಗಾಳಿ ಕಂದಕಕ್ಕೆ ಹೊಕ್ಕರೆ ತಗಡುಗಳು ತಟಪಟ ಬಡಿಯುತ್ತಿದ್ದವು. ಕೆಳಮಹಡಿಯ ಕಾಫಿ ಅಂಗಡಿಯವರು ಅದರ ಬಗ್ಗೆ ದಿನಾ ದೂರುತ್ತಿದ್ದರು.

ಬಗ್ಗಿ ನೋಡಿದಳು. ಪ್ರತಿ ತೂತಿನಲ್ಲೂ ಒಂದು ಬೋಲ್ಟು. ಕಾಲುದಾರಿಯ ಕಾಂಕ್ರೀಟಿಗೆ ಕೊರೆದು ಇಳಿಸಿದ ಹೊಳೆಯುವ ಬೋಲ್ಟುಗಳು, ಎಲ್ಲದರ ತಲೆಯೂ ಒಂದೇ ದಿಕ್ಕಿಗೆ ತಿರುಗಿಸಿ ಬಿಗಿದದ್ದು, ತುಕ್ಕು ಹಿಡಿಯದಂತೆ ಮೇಲೆ ತೆಳ್ಳನೆ ಬಣ್ಣ. ಎಂಥ ಅಚ್ಚುಕಟ್ಟು ಎಂದು ಅವಳ ಕಣ್ಣು ಮೊದಲು ಮೆಚ್ಚಿತು. ಆಮೇಲೆ ಬೆರಳಿನಿಂದ ಒಂದನ್ನು ತಿರುಗಿಸಲು ನೋಡಿದಳು, ಕದಲಲಿಲ್ಲ. ಓಡಾಡಲೆಂದು ಮಾಡಿದ ಕಟ್ಟಡವನ್ನು ನೂರ ತೊಂಬತ್ತೆರಡು ಕಡೆ ನೆಲಕ್ಕೆ ಕಟ್ಟಿಹಾಕಿದ್ದರು.

ಕಟ್ಟಿದ್ದು ಯಾರೆಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ. ಅಷ್ಟು ಖಾಲಿ ತೂತು ಕಂಡು ಸುಮ್ಮನಿರಬಲ್ಲ ಪ್ರಾಣಿಯಲ್ಲ ಅವಳ ಭಾವ. ಯಾರೋ ಸೋಮಾರಿಗಳು ಬೋಲ್ಟು ಹಾಕದೆ ಬಿಟ್ಟುಹೋಗಿದ್ದಾರೆಂದು ತಿಳಿದು, ಅಂಗಡಿಯವರ ದೂರೂ ನಿಲ್ಲಲಿ ಎಂದು, ಎರಡು ಶನಿವಾರ ಮೈಮುರಿದು ದುಡಿದಿದ್ದ. ಈ ಬೋಲ್ಟಿದ್ದರೆ ಕಟ್ಟಡ ಬೀಳುತ್ತದೆಯೇ? ಅದು ಸಿನಿವಾಳಿಗೆ ಗೊತ್ತಿರಲಿಲ್ಲ, ಯಾರಿಗೂ ಗೊತ್ತಿರಲಿಲ್ಲ. ಪೆಥರಿಕ್ ಹಾಕಿದ ಲೆಕ್ಕವೆಲ್ಲ ಬಿಟ್ಟ ಕಟ್ಟಡದ ಲೆಕ್ಕ, ಕಟ್ಟಿಹಾಕಿದ್ದರದ್ದಲ್ಲ. ಒಂದು ಮೂಲೆ ಹಿಡಿದು ಇನ್ನೊಂದು ಮೂಲೆ ಬಿಟ್ಟರೆ ಏನಾಗುತ್ತದೆಂದು ಯಾವ ಹಾಳೆಯಲ್ಲೂ ಇರಲಿಲ್ಲ. ಅವಳು ಮಗಳಿಗೆ ಹೂಂ ಅಂದದ್ದು ಈ ಕಟ್ಟಡಕ್ಕಲ್ಲ.

ಕಚೇರಿಗೆ ಫೋನು ಮಾಡಿದರೆ ನಾಳೆ ಬೆಳಗ್ಗೆ ದೊಡ್ಡವರೆಲ್ಲ ಬರುತ್ತಾರೆ, ಫಲನಿಕೊನನ್ನು ನಿಲ್ಲಿಸಿಕೊಂಡು ಕೇಳುತ್ತಾರೆ. ಬಳಗದ ಯಜಮಾನ ಕಿರಿಯರೆದುರು ತಲೆ ತಗ್ಗಿಸಿ ನಿಂತರೆ ಆಮೇಲೆ ಚರ್ಚಿನ ಮೆಟ್ಟಿಲು ಹತ್ತುವವನಲ್ಲ. ಫೋನು ಮಾಡದೆ ಬಿಟ್ಟರೆ ನಾಳೆ ಒಂಬತ್ತಕ್ಕೆ ತಿರೇಸಾ ಹದಿನೇಳನೆಯ ಮಹಡಿಗೆ ಹತ್ತುತ್ತಾಳೆ. ಸಿನಿವಾ ಗಾಳಿಗೆ ಬೆನ್ನು ಕೊಟ್ಟು ಐದು ನಿಮಿಷ ನಿಂತಳು. ಆಮೇಲೆ ಕಟ್ಟಡದಲ್ಲಿ ಭಾವನಿಗೆ ಕೊಟ್ಟಿದ್ದ ಕೋಣೆಗೆ ಇಳಿದು ಹೋದಳು.

ಅಂದು ಅವನಿಗೆ ಪಾಳಿಯಿತ್ತು. ಅವನೂ ಚರ್ಚಿನಿಂದ ನೇರ ಬಂದವನು, ಹಾಲಿನಂಥ ಬಿಳಿ ಕೋಟು, ಸೊಂಟಕ್ಕೆ ಪಂಚೆಯಂತೆ ಸುತ್ತಿದ ಬಿಳಿ ಲಾವಲಾವ. ಫ್ಲಾಸ್ಕಿನಿಂದ ಬಿಸಿ ಬಿಸಿ ಕೋಕೊ ಸುರಿದು ಮುಂದಿಟ್ಟ, ಕರಿದ ಪನಿಕೇಕೆ ಉಂಡೆಗಳ ಡಬ್ಬಿ ತೆರೆದ. ತಗಡಿನ ಸದ್ದು ನಿಂತದ್ದು ಗಮನಿಸಿದೆಯಾ ಎಂದು ಮಗುವಿನ ಹಾಗೆ ಕೇಳಿದ. ಗಮನಿಸಿದೆ ಎಂದಳು. ಆಮೇಲೆ ಕೈಚೀಲದಿಂದ ಎರಡು ಪೆನ್ಸಿಲು ತೆಗೆದು ಮೇಜಿನ ಮೇಲೆ ಅಡ್ಡ ಮಲಗಿಸಿ, ಅವನ ಪ್ರಾರ್ಥನೆ ಪುಸ್ತಕ ಬಿಟ್ಟು ಪಕ್ಕದ ಡೈರಿಯನ್ನು ಮೇಲಿಟ್ಟು, ಅವನ ತುಂಬಿದ ಲೋಟವನ್ನು ಅದರ ಮೇಲಿಟ್ಟಳು. ಮೇಜನ್ನು ಎಳೆದಾಡಿದಳು. ಲೋಟ ಅಲುಗಲಿಲ್ಲ. ಫಲನಿಕೊ ಹುಬ್ಬು ಮೇಲೆತ್ತಿ, ಚೆನ್ನಾಗಿದೆ ಎನ್ನುವಂತೆ ತಲೆಯಾಡಿಸಿದ. ಅವಳು ಒಂದು ಪನಿಕೇಕೆಯನ್ನು ಮುರಿದು ಪೆನ್ಸಿಲಿನ ಪಕ್ಕ ಗಟ್ಟಿಯಾಗಿ ತುರುಕಿದಳು. ಮತ್ತೆ ಎಳೆದಳು. ಕೋಕೊ ಲೋಟದ ಸಮೇತ ಹಾರಿ ಅವನ ಬಿಳಿ ಕೋಟಿನ ಎದೆಯ ಮೇಲೆ ಬಿತ್ತು.

ಕಂದು ಕಲೆ ಹೊಟ್ಟೆಯ ಕಡೆಗೆ ಇಳಿಯಿತು.

“ಅರವತ್ತು ದಾಟಿದ್ಮೇಲೆ ಆಟ ಆಡೋ ಬುದ್ಧಿ ಬಂತಾ ನಿಂಗೆ?” ಎಂದ ಫಲನಿಕೊ.

“ತಪ್ಪು ನಂದು ಭಾವ. ಕೋಟಿನ ವಿಷಯ ಅಲ್ಲ. ಆ ತಗಡಿನ ತೂತು ಬರೆದೋಳು ನಾನು. ಅವು ಎತ್ತೋ ಕೊಕ್ಕೆಗೆ ಇರೋ ತೂತು. ಪಕ್ಕದಲ್ಲಿ ಬೋಲ್ಟು ಹಾಕ್ಬೇಡಿ ಅಂತ ಬರೀಬೇಕಿತ್ತು. ಎಲ್ಲರಿಗೂ ಗೊತ್ತಿರುತ್ತೆ ಅಂತ ಬರೀದೆ ಬಿಟ್ಟೆ.”

ಅವನು ಪೆನ್ಸಿಲನ್ನು ನೋಡಿದ, ತುರುಕಿದ ಪನಿಕೇಕೆಯನ್ನು ನೋಡಿದ, ತನ್ನ ಕೋಟನ್ನು ನೋಡಿದ. ಕಾರ್ಖಾನೆಯ ಕಣ್ಣು, ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮುಖ ಕಲ್ಲಾಯಿತು.

“ಯಾರ್ಯಾರಿಗೆ ಹೇಳಿದೀಯ?”

“ಇನ್ನೂ ಯಾರಿಗೂ ಇಲ್ಲ. ನಾಳೆ ಪೆಥರಿಕ್‌ಗೆ ಹೇಳ್ತೀನಿ, ನಕ್ಷೇಲಿ ನಾನು ತಪ್ಪಿದೆ ಅಂತ.”

“ನನ್ನ ಮಾನ ಕಾಯೋಕೆ ಸುಳ್ಳು ಹೇಳ್ಬೇಡ ಕಣಮ್ಮ.”

“ಸುಳ್ಳಲ್ಲ ಭಾವ. ನಿಮ್ಮಂಥೋರು ಖಾಲಿ ತೂತು ಕಂಡ್ರೆ ಏನ್ಮಾಡ್ತಾರೆ ಅಂತ ನಂಗೆ ಗೊತ್ತಿರ್ಬೇಕಿತ್ತು. ಮೂವತ್ತೈದು ವರ್ಷದಿಂದ ನಿಮ್ಮ ಮನೆ ಸೊಸೆ ನಾನು.”

ಅವನು ನಗಲಿಲ್ಲ. ಎದ್ದು, ಗೋಡೆಯ ಮೊಳೆಯಲ್ಲಿದ್ದ ಬ್ಯಾಟರಿ ಸ್ಪ್ಯಾನರು ತೆಗೆದುಕೊಂಡು ಹೊರಟ. ಸಿನಿವಾಳ ಕೈಗೂ ಒಂದು ಸ್ಪ್ಯಾನರು ಕೊಟ್ಟ. ಆ ಮಧ್ಯಾಹ್ನ ಬಂದರಿನ ದಂಡೆಯಲ್ಲಿ ಅಡ್ಡಾಡಲು ಬಂದ ಜನ ಒಂದು ವಿಚಿತ್ರ ನೋಡಿದರು: ಬಿಳಿ ಟೋಪಿಯ ಮುದುಕಿಯೊಬ್ಬಳು, ಎದೆಗೆ ಕೋಕೊ ಚೆಲ್ಲಿಕೊಂಡ ಮುದುಕನೊಬ್ಬ, ಇಬ್ಬರೂ ಮಂಡಿಯೂರಿ ಕಟ್ಟಡಕ್ಕೆ ಪ್ರದಕ್ಷಿಣೆ ಬರುತ್ತಿದ್ದರು. ಅವನ ಚರ್ಚಿನ ಗೆಳೆಯರಿಬ್ಬರು ಎದುರಾಗಿ ಇದೇನು ಎಂದರೆ, ಕೆಲಸ ಎಂದಷ್ಟೇ ಹೇಳಿ ಮುಂದಿನ ತಗಡಿಗೆ ಸರಿದ. ಸಂಜೆ ಬೆಳಕಿರುವಾಗಲೇ ನೂರ ತೊಂಬತ್ತೆರಡೂ ಬಕೆಟ್ಟಿಗೆ ಬಿದ್ದವು. ತಗಡು ಮತ್ತೆ ತಟಪಟ ಎಂದಿತು. ನೀನು ಹೇಳುತ್ತೀಯೆಂದು ತೆಗೆದೆ, ಇಷ್ಟು ದೊಡ್ಡ ಕಟ್ಟಡ ಲೋಟದ ಹಾಗೆ ಜಾರುತ್ತದೆಂದು ನನಗೇನೂ ನಂಬಿಕೆಯಿಲ್ಲ ಎಂದು ಫಲನಿಕೊ ಕೊನೆಯಲ್ಲಿ ಗೊಣಗಿದ.

ಸೊಂಟದ ಕೀಲು ಬದಲಾಯಿಸಿಕೊಂಡು ಮನೆಯಲ್ಲಿ ಮಲಗಿದ್ದ ಪೆಥರಿಕ್‌ಗೆ ಸಿನಿವಾ ಮಾರನೆಯ ದಿನವೇ ಎಲ್ಲವನ್ನೂ ಹೇಳಿದಳು. ಅವನು ಎಲ್ಲ ಕೇಳಿ, ಪರೀಕ್ಷಿಸಿದವರು ಅಂತ ಸಹಿ ಹಾಕಿದ್ದು ನಾನಲ್ಲವೇ ಎಂದ. ತಿದ್ದಿದ ಹಾಳೆ ಹೊರಟಿತು. ಸದ್ದು ಅಡಗಿಸಲು ತಗಡಿನಡಿ ರಬ್ಬರಿನ ಪಟ್ಟಿ ಅಂಟಿಸುವುದೆಂದಾಯಿತು. ಫಲನಿಕೊ ತೊಂಬತ್ತಾರು ತಗಡಿಗೂ ಪಟ್ಟಿ ಅಂಟಿಸಿ, ತೂತುಗಳ ಪಕ್ಕ ತನ್ನ ಕೈಯಾರೆ ಇಂಗ್ಲಿಷಿನಲ್ಲೂ ಸಮೋವಾದ ಭಾಷೆಯಲ್ಲೂ ‘ಇಲ್ಲಿ ಬೋಲ್ಟು ಹಾಕುವವನು ಮೊದಲು ನನ್ನನ್ನು ಕೇಳಬೇಕು’ ಎಂದು ಬಣ್ಣದಲ್ಲಿ ಬರೆದ. ತಿರೇಸಾ ಸೋಮವಾರವೇ ಹದಿನೇಳನೆಯ ಮಹಡಿ ಹತ್ತಿದ್ದಳು. ಅವಳಿಗೆ ಯಾರೂ ಏನೂ ಹೇಳಿರಲಿಲ್ಲ. ಹೇಳದೆ ಇದ್ದದ್ದು ಸಿನಿವಾಳ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಉಳಿದಿತ್ತು.

ಏಳು ವಾರ ಕಳೆದು ಒಂದು ಮಂಗಳವಾರ, ಹನ್ನೆರಡಕ್ಕೆ ಹತ್ತು ನಿಮಿಷವಿತ್ತು. ಸಿನಿವಾ ಮಗಳ ಜೊತೆ ಊಟ ಮಾಡಲೆಂದು ಡಬ್ಬಿ ಕಟ್ಟಿಕೊಂಡು ಬಂದು ಕಟ್ಟಡದ ಎದುರಿನ ಬೆಂಚಿನ ಮೇಲೆ ಕೂತಿದ್ದಳು. ಮೊದಲು ಬಂದರಿನ ಕಡೆಯಿಂದ ಭಾರದ ಲಾರಿ ಬಂದಂಥ ಸದ್ದು. ಆಮೇಲೆ ನೆಲ ಬೆಂಚನ್ನು ಕೊಡವಿತು. ಅವಳು ಕೆಳಗೆ ಬಿದ್ದು, ಎರಡು ಕೈಯೂರಿ, ತಲೆಯೆತ್ತಿ ನೋಡಿದಳು.

ಹಳೆಯ ಕಟ್ಟಡಗಳು ಜ್ವರ ಬಂದವರಂತೆ ನಡುಗುತ್ತಿದ್ದವು. ಕಿಟಕಿ ಗಾಜು ಪುಡಿಯಾಗುತ್ತಿತ್ತು, ದೀಪದ ಕಂಬ ಬಗ್ಗಿ ಬಗ್ಗಿ ಏಳುತ್ತಿತ್ತು. ಅವುಗಳ ನಡುವೆ ಆ ಇಪ್ಪತ್ತೆರಡು ಮಹಡಿ ಬೇರೆಯೇ ಒಂದು ಕಾಲದಲ್ಲಿ ಇದ್ದ ಹಾಗಿತ್ತು. ಅದಕ್ಕೆ ಅವಸರವಿರಲಿಲ್ಲ. ಬುಡದ ಸಮೇತ ಇಡಿಯಾಗಿ ಒಂದು ಕಡೆಗೆ ಮೆಲ್ಲಗೆ ಹೋಯಿತು, ನಿಂತಿತು, ಯೋಚಿಸಿದಂತೆ ಮಾಡಿ ಮೆಲ್ಲಗೆ ಮರಳಿತು. ಮಗು ಮಲಗಿಸುವವರು ತೊಟ್ಟಿಲು ತೂಗುವಷ್ಟೇ ನಿಧಾನ. ತಗಡುಗಳು ಕಾಲುದಾರಿಯ ಮೇಲೆ ಕರ್ರನೆ ಜಾರಿ ಹೊರಟವು, ಹಿಂದೆ ಸರಿದವು, ಮತ್ತೆ ಹೊರಟವು. ಬಾಗಿಲಲ್ಲಿ ಫಲನಿಕೊ ಎರಡು ತೋಳನ್ನೂ ಅಗಲಿಸಿ ನಿಂತು ಹೊರಗೆ ನುಗ್ಗುವ ಜನರನ್ನು ತಡೆಯುತ್ತಿದ್ದ, ತಗಡಿನ ಮೇಲೆ ಕಾಲಿಡಬೇಡಿ, ಒಳಗೇ ಇರಿ ಎಂದು. ಸಿನಿವಾಳಿಗೆ ಭಯವೇ ಆಗಲಿಲ್ಲ. ಮಗಳು ಮೇಲಿದ್ದಾಳೆಂಬುದೂ ಒಂದು ಕ್ಷಣ ಮರೆತಿತ್ತು. ತಾನು ಹಾಳೆಯ ಮೇಲೆ ಎಳೆದ ಗೆರೆಗಳು ಎದ್ದು ನಡೆಯುವುದನ್ನು ಕಣ್ಣು ತುಂಬಿಕೊಂಡು ನೋಡಿದಳು. ನಲವತ್ತು ಸೆಕೆಂಡಾಗಿರಬಹುದು. ಕಟ್ಟಡ ತನ್ನ ಜಾಗಕ್ಕೆ ಬಂದು ನಿಂತಿತು.

ತಿರೇಸಾ ಹದಿನೇಳು ಮಹಡಿ ಇಳಿದು ಬಂದಾಗಲೂ ಸಿನಿವಾ ನೆಲದ ಮೇಲೇ ಕೂತಿದ್ದಳು. ಮಗಳೇ ಅವಳನ್ನು ಹಿಡಿದು ಎಬ್ಬಿಸಿದಳು. ಮೇಜಿನ ಮೇಲಿನ ಪೆನ್ನಿನ ಡಬ್ಬಿ ಕೂಡ ಬೀಳಲಿಲ್ಲವೆಂದು, ದೋಣಿಯಲ್ಲಿ ಕೂತ ಹಾಗಿತ್ತೆಂದು, ಮೆಟ್ಟಿಲಲ್ಲಿ ಒಂದು ಬಿರುಕೂ ಕಾಣಲಿಲ್ಲವೆಂದು ಮೂರು ಸಲ ಹೇಳಿದಳು. “ನೀನು ಹೇಳಿದ ಹಾಗೇ ಆಯ್ತು ಅಮ್ಮಾ,” ಎಂದಳು. ಸಿನಿವಾ ಅವಳ ಮುಖ ನೋಡಲಾರದೆ ತಗಡಿನ ಕಡೆ ನೋಡಿದಳು.

ಮಧ್ಯಾಹ್ನ ಕಚೇರಿಯ ಎಂಜಿನಿಯರುಗಳು ಬಂದು, ದಿಂಡುಗಳನ್ನೆಲ್ಲ ತಪಾಸಣೆ ಮಾಡಿ, ಕಟ್ಟಡ ಕ್ಷೇಮವೆಂದು ಚೀಟಿ ಅಂಟಿಸಿ, ಮುಂದಿನ ಕಟ್ಟಡಕ್ಕೆ ಓಡಿದರು. ಆಮೇಲೆ ಫಲನಿಕೊ ಟಾರ್ಚು ತೆಗೆದುಕೊಂಡು ಬಂದು, ಇಬ್ಬರೂ ನನ್ನ ಹಿಂದೆ ಬನ್ನಿ ಎಂದ. ಮೂವರೂ ಬಗ್ಗಿಕೊಂಡು ಕಟ್ಟಡದ ಅಡಿಗೆ ಹೋದರು. ಸಿನಿವಾ ಒಂದು ದಿಂಡಿನ ಮೇಲೆ ಕೈಯಿಟ್ಟು ನೋಡಿದಳು. ಮೇಲಿನ ರಬ್ಬರು ತಣ್ಣಗೇ ಇತ್ತು. ಆದರೆ ಒಳಗಿನ ಸೀಸ ಇವತ್ತು ಎಷ್ಟು ಕುದಿದು ಆರಿತೆಂದು ಅವಳಿಗೆ ಗೊತ್ತಿತ್ತು.

ಉಕ್ಕಿನ ಹಲಗೆಯ ಮೇಲೆ ಟಾರ್ಚು ಬಿತ್ತು. ನುಣುಪಾಗಿದ್ದ ಹಲಗೆಯ ತುಂಬ ಹೊಳೆಯುವ ಗೆರೆ. ಒಂದೇ ಗೆರೆ, ಎಲ್ಲೂ ಕಡಿಯದೆ, ಸುತ್ತಿ ಸುಳಿದು, ದಾಟಿ ಹಿಂತಿರುಗಿ, ಒಂದರೊಳಗೊಂದು ಕುಣಿಕೆ ಹಾಕಿಕೊಂಡು ಹೋಗಿ, ಕೊನೆಗೆ ಹೊರಟ ಜಾಗದಿಂದ ಬೆರಳಗಲದಲ್ಲಿ ನಿಂತಿತ್ತು. ಶಾಯಿಯಲ್ಲಿ ಎಳೆದು, ಬ್ಲೇಡಿನಲ್ಲಿ ಹೆರೆದು, ಕಂಪ್ಯೂಟರಿನಲ್ಲಿ ತಿದ್ದಿ ಬಾಳು ಸವೆಸಿದ ಸಿನಿವಾ ಇಂಥ ಗೆರೆ ಕಂಡಿರಲಿಲ್ಲ. ಅದನ್ನು ಎಳೆದದ್ದು ಮೂವತ್ತು ಸಾವಿರ ಟನ್ನಿನ ಕೈ. ಅವಳಿಗೆ ಅಳು ಬಂತು, ಅತ್ತಳು.

ಫಲನಿಕೊ ಮಂಡಿಯೂರಿ ಕೂತು, ಗೆರೆ ಹೊರಟ ಜಾಗದಿಂದ ಅದು ಹೋದ ಅತಿ ದೂರಕ್ಕೆ ಗೇಣು ಹಾಕಿದ. ಒಂದು ಗೇಣು, ಮೇಲೆ ನಾಲ್ಕು ಬೆರಳು. ಅಷ್ಟು ದೂರ ಹೋಗಿತ್ತು ಕಟ್ಟಡ. ಅವನು ಕೋಟಿನ ಜೇಬಿಗೆ ಕೈಹಾಕಿ ಒಂದು ಬೋಲ್ಟು ತೆಗೆದು ಹಲಗೆಯ ಪಕ್ಕ ಇಟ್ಟ. ಬಕೆಟ್ಟಿನಿಂದ ಒಂದನ್ನು ಎತ್ತಿಟ್ಟುಕೊಂಡಿದ್ದನೆಂದು ಸಿನಿವಾಳಿಗೆ ಗೊತ್ತೇ ಇರಲಿಲ್ಲ.

“ತಿರೇಸಾ, ಇಲ್ಲಿ ಬಾ ಮಗಾ,” ಎಂದ. “ಈ ಗೆರೇನ ನಿಮ್ಮ ದೊಡ್ಡಪ್ಪ ತಡೆದು ನಿಲ್ಲಿಸಿಬಿಡ್ತಿದ್ದ. ಇಂಥವು ನೂರ ತೊಂಬತ್ತೆರಡು ಬಿಗಿದಿದ್ದೆ. ನಿಮ್ಮಮ್ಮ ಬಂದು ಬಿಚ್ಚಿಸಿದ್ಳು. ನೀನು ಮೇಲೆ ಹತ್ತೋ ಹಿಂದಿನ ದಿನ.”

ತಿರೇಸಾ ಬೋಲ್ಟನ್ನು ನೋಡಿದಳು, ಅಮ್ಮನನ್ನು ನೋಡಿದಳು. ಸಿನಿವಾ ಹೌದೆಂದು ತಲೆಯಾಡಿಸಿದಳು. ಆಮೇಲೆ ದೊಡ್ಡಪ್ಪನ ಪಕ್ಕ ತಾನೂ ಮಂಡಿಯೂರಿ, ಅವನ ಭುಜಕ್ಕೆ ಭುಜ ತಾಗಿಸಿ ಕೂತಳು.

ಸಿನಿವಾ ಕಣ್ಣೊರೆಸಿಕೊಂಡು ಕೈಚೀಲದಿಂದ ಪೆನ್ಸಿಲು ತೆಗೆದಳು. ಹಲಗೆಯ ಕೆಳಮೂಲೆಯಲ್ಲಿ ಅಂದಿನ ತಾರೀಖು ಬರೆದು ಪೆನ್ಸಿಲನ್ನು ಭಾವನ ಕೈಗೆ ಕೊಟ್ಟಳು. ‘ಪರೀಕ್ಷಿಸಿದವರು’ ಎಂಬ ಚೌಕವನ್ನು ತೋರಿಸಿದಳು.

“ನಾನಾ?”

“ಒಂದೊಂದು ತೂತನ್ನೂ ಎರಡೆರಡು ಸಲ ಮುಟ್ಟಿ ನೋಡಿದೋರು ನೀವೇ ತಾನೆ ಭಾವ.”

ಫಲನಿಕೊ ಕಾರ್ಖಾನೆಯ ಚೀಟಿಗೆ ಹಾಕುತ್ತಿದ್ದ ಹಾಗೆ ಒತ್ತಿ ಒತ್ತಿ ತನ್ನ ಹೆಸರು ಬರೆದ. ಆಮೇಲೆ ಅವನ ಕಣ್ಣು ಪಕ್ಕದ ಚೌಕಕ್ಕೆ ಹೋಯಿತು. ಅದರಲ್ಲಿ ಏನೂ ಇರಲಿಲ್ಲ. ಪೆನ್ಸಿಲು ಅದರ ಮೇಲೆ ಆಡಿತು, ಒಮ್ಮೆ ತಲೆಯೆತ್ತಿ ಮೇಲಿನ ಕಾಂಕ್ರೀಟನ್ನು ನೋಡಿದ.

“ಬರೆದವರು ಯಾರು ಅಂತ ಹಾಕ್ಲಿ?”

“ಅದು ಖಾಲಿ ಇರ್ಲಿ ಭಾವ,” ಎಂದಳು ಸಿನಿವಾ.

ಅವನು ಇನ್ನೊಂದು ಸ್ವಲ್ಪ ಹೊತ್ತು ಆ ಖಾಲಿ ಚೌಕವನ್ನೇ ನೋಡುತ್ತ ಕೂತಿದ್ದ. ಆಮೇಲೆ ಪೆನ್ಸಿಲನ್ನು ಅವಳಿಗೆ ವಾಪಸು ಕೊಟ್ಟು, ಟಾರ್ಚು ಆರಿಸಿ, ಮೊದಲು ನೀವು ನಡೆಯಿರಿ ಎಂದ.